ಸದ್ದಿಲ್ಲದಾಗ ಒತ್ತಿದ ಗುಂಡಿ

ಕೊರೊನಾ ಕಾಟ ಮುಗಿದು ಕಲ್ಯಾಣ ಮಂಟಪಗಳ ಬೀಗ ತೆಗೆದ ವರ್ಷ. ಹುಣಸೂರಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಒಂದು ಮೆಡಿಕಲ್ ಸ್ಟೋರಿನ ಮೇಲಿನ ಮಹಡಿಯಲ್ಲಿ ನಾನು ಶ್ರವಣ ಪರೀಕ್ಷೆಯ ಸಣ್ಣ ಕ್ಲಿನಿಕ್ ನಡೆಸುತ್ತಿದ್ದೆ. ಈಗಲೂ ಅಲ್ಲೇ ಇದ್ದೇನೆ. ನಾನು ಆಡಿಯಾಲಜಿಸ್ಟ್. ಕಿವಿಗೆ ಆಪರೇಷನ್ ಮಾಡುವವಳಲ್ಲ. ಕಿವಿ ಎಷ್ಟು ಕೇಳುತ್ತದೆ ಎಂದು ಅಳೆದು, ಬೇಕಾದವರಿಗೆ ಹಿಯರಿಂಗ್ ಏಡ್ ಹೊಂದಿಸಿಕೊಡುವವಳು. ಇಷ್ಟು ಹೇಳಿದ ಮೇಲೂ ಜನ ಗುಗ್ಗೆ ತೆಗೆಸಿಕೊಳ್ಳಲು ಮೆಟ್ಟಿಲು ಹತ್ತಿ ಬರುತ್ತಾರೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಪಿರಿಯಾಪಟ್ಟಣದಲ್ಲಿರುವ ನನ್ನ ತಾಯಿ ಹೇಳುತ್ತಾರೆ. ಇರಬಹುದು.

ಒಂದು ಸೋಮವಾರ ಹನಗೋಡಿನಿಂದ ಗಂಡ ಹೆಂಡತಿ ಬಂದರು. ಸಿದ್ದರಾಜು, ಮಂಗಳಮ್ಮ. ಇಬ್ಬರಿಗೂ ಐವತ್ತು ದಾಟಿತ್ತು. ಹೊಳೆಯ ಕಡೆ ಸ್ವಲ್ಪ ಗದ್ದೆ, ಮೇಲುಗಡೆ ಹೊಗೆಸೊಪ್ಪಿನ ಹೊಲ. ಮದುವೆ ಕಾಲದಲ್ಲಿ ಸಿದ್ದರಾಜು ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದರು. ಚಿಕ್ಕಂದಿನಿಂದ ಅದೇ ಕೆಲಸ, ಬಲಗಡೆ ಟ್ರಂಪೆಟ್, ಎಡಗಡೆ ಡ್ರಮ್ಮು.

“ಕುಕ್ಕರು ಕೂಗಿ ಕೂಗಿ ತಳ ಹತ್ತುದ್ರೂ ಇವ್ರ್‌ಗೆ ಕೇಳ್ಸಕಿಲ್ಲ ಕಣ್ ಮೇಡಮ್ಮೋರೆ,” ಎಂದರು ಮಂಗಳಮ್ಮ.

“ಇವ್ಳು ಬಾಯೊಳ್ಗೇ ಮಾತಾಡ್ತಾಳೆ ಕಣ್ ಮೇಡಂ. ನಂಗೇನೂ ಆಗಿಲ್ಲ. ಕಿವಿ ಕೇಳ್ದಿದ್ರೆ ಶನಿವಾರ ಶನಿವಾರ ಮೈಸೂರ್ಗೋಗಿ ಜಾಝ್ ಬಾರ್ಸಕಾಯ್ತಿತ್ತಾ?” ಎಂದರು ಗಂಡ.

ಹನಗೋಡಿನವರ ಬಾಯಲ್ಲಿ ಜಾಝ್ ಎಂಬ ಮಾತು ಕೇಳಿ ನಾನು ಪೆನ್ನು ಕೆಳಗಿಟ್ಟೆ. ಆಮೇಲೆ ಅವರೇ ಹೇಳಿದರು. ಕೆಲವು ವರ್ಷಗಳ ಹಿಂದೆ ಬಿಳಿಕೆರೆಯ ಒಂದು ಮದುವೆಯಲ್ಲಿ ಹೆಣ್ಣಿನ ಕಡೆಯ ಬಸ್ಸು ಹೆದ್ದಾರಿಯಲ್ಲಿ ಕೆಟ್ಟು ನಿಂತಿತಂತೆ. ಬ್ಯಾಂಡಿನವರು ಗೊತ್ತಿದ್ದ ಹಾಡನ್ನೆಲ್ಲ ನುಡಿಸಿ ಮುಗಿಸಿದರು, ಬಸ್ಸು ಬರಲಿಲ್ಲ. ಉಳಿದವರು ಕೈಚೆಲ್ಲಿ ಕುಳಿತಾಗ ಸಿದ್ದರಾಜು ಒಂದೇ ಮಟ್ಟನ್ನು ಹಿಡಿದು, ಅದನ್ನು ತಿರುಗಿಸಿ ಮುರುಗಿಸಿ, ಹೆಣ್ಣು ಬಂದು ಇಳಿಯುವವರೆಗೂ ನುಡಿಸಿದರು. ಆ ಮದುವೆಗೆ ಬಂದಿದ್ದ ವಿಲ್ಫ್ರೆಡ್ ಎಂಬುವವರು ಊಟ ಬಿಟ್ಟು ಎದ್ದುಬಂದು ಕೈ ಹಿಡಿದುಕೊಂಡರಂತೆ. ಅವರು ಮೈಸೂರಿನ ಹಳೆಯ ಬಂಗಲೆಯೊಂದರಲ್ಲಿರುವ ರೆಸ್ಟೋರೆಂಟಿನಲ್ಲಿ ಪಿಯಾನೋ ನುಡಿಸುವವರು. ಮುಂದಿನ ಶನಿವಾರದಿಂದಲೇ ಸಿದ್ದರಾಜು ಅವರ ತಂಡಕ್ಕೆ ನಾಲ್ಕನೆಯವರಾಗಿ ಸೇರಿದರು. ಪಿಯಾನೋ, ಬೇಸ್ ಗಿಟಾರ್, ಡ್ರಮ್ಸ್, ಕ್ಲಾರಿನೆಟ್.

ಗಂಡನನ್ನು ಪರೀಕ್ಷೆಯ ಬೂತಿನೊಳಗೆ ಕೂರಿಸಿ ಬರುವಾಗ ಮಂಗಳಮ್ಮ ನನ್ನ ಕೈ ಹಿಡಿದು ನಿಲ್ಲಿಸಿದರು. “ಏನಾದ್ರೂ ಮಾಡಿ ಮೇಡಮ್ಮೋರೆ. ಶನಿವಾರ ಬಂದ್ರೆ ಬೆಳಗ್ಗೆನೇ ಅಂಗಿ ಇಸ್ತ್ರಿ ಮಾಡ್ಸ್ಕೊಂಡು ಕೂತ್ಕತಾರೆ. ಮದ್ವೇಲಿ ಇವ್ರು ಬಾರ್ಸದ ಯಾರು ಕೇಳ್ತಾರೆ, ಎಲ್ಲಾ ಊಟದ ಕಡೆ ಓಡ್ತಾರೆ. ಅಲ್ಲಿ ಮಾತ್ರ ಜನ ಕೂತ್ಕೊಂಡು ಕೇಳ್ತಾರಂತೆ. ಅದೊಂದು ತಪ್ಪೋಗ್ಬಾರ್ದು,” ಎಂದರು.

ಪರೀಕ್ಷೆ ಸರಳ. ಸದ್ದು ನುಗ್ಗದ ಗಾಜಿನ ಕಿಟಕಿಯ ಬೂತು. ಒಳಗಿರುವವರ ಕಿವಿಗೆ ಹೆಡ್‌ಫೋನ್, ಕೈಗೆ ಒಂದು ಗುಂಡಿ. ನಾನು ಹೊರಗಿನಿಂದ ಪೀ ಎಂಬ ಸಣ್ಣ ಸದ್ದು ಕಳಿಸುತ್ತೇನೆ. ಕೇಳಿದಾಗ ಗುಂಡಿ ಒತ್ತಬೇಕು. ಸದ್ದನ್ನು ಕಡಿಮೆ ಮಾಡುತ್ತಾ ಹೋಗಿ, ಎಲ್ಲಿ ಒತ್ತುವುದು ನಿಲ್ಲುತ್ತದೋ ಅಲ್ಲಿಗೆ ಗುರುತು ಹಾಕಿಕೊಳ್ಳುತ್ತೇನೆ. ಸಿದ್ದರಾಜು ಒತ್ತುತ್ತಾ ಹೋದರು. ನನ್ನ ಕಿವಿಗೇ ಕಷ್ಟ ಅನ್ನಿಸುವಷ್ಟು ಸಣ್ಣ ಸದ್ದಿಗೂ ಒತ್ತಿದರು. ಇದೇನಪ್ಪಾ, ಎದುರಿಗೆ ಕುಳಿತು ಕೂಗಿ ಹೇಳಿದರೂ ನನ್ನ ತುಟಿ ನೋಡುತ್ತಿದ್ದ ಮನುಷ್ಯ ಎಂದು ಅನುಮಾನ ಬಂತು. ಮೆಷಿನ್ ಕೆಟ್ಟಿದೆಯೋ ಎಂದು ತಂತಿಗಳನ್ನೆಲ್ಲ ನೋಡಿದೆ. ಸರಿಯಾಗಿತ್ತು.

ಆಗ ಗಾಜಿನೊಳಗೆ ನೋಡಿದೆ. ಅವರ ಬಲಗಾಲು ನೆಲವನ್ನು ಮೆಲ್ಲಗೆ ತಟ್ಟುತ್ತಿತ್ತು.

ಅಭ್ಯಾಸದ ಕೈ, ನಾನು ಹೆಚ್ಚುಕಡಿಮೆ ಒಂದೇ ಅಂತರದಲ್ಲಿ ಸದ್ದು ಕಳಿಸುತ್ತಿದ್ದೆ. ಆ ಮನುಷ್ಯ ಮೊದಲ ನಾಲ್ಕೈದು ದೊಡ್ಡ ಸದ್ದುಗಳಲ್ಲೇ ನನ್ನ ತಾಳ ಹಿಡಿದುಬಿಟ್ಟಿದ್ದರು. ಕೇಳಿಸಲಿ ಬಿಡಲಿ, ತಾಳಕ್ಕೆ ಸರಿಯಾಗಿ ಒತ್ತುತ್ತಿದ್ದರು. ನಾನು ಕೈ ತೆಗೆದು ಸುಮ್ಮನೆ ಕುಳಿತೆ. ಏನೂ ಕಳಿಸಲಿಲ್ಲ. ಅವರು ಒತ್ತಿದರು. ಮತ್ತೆ ಒತ್ತಿದರು. ಒಳಗೆ ಏನೇನೂ ಸದ್ದಿಲ್ಲ, ಮುಖದಲ್ಲಿ ಮಾತ್ರ ಹುಷಾರಾಗಿ ಕೇಳುತ್ತಿರುವವರ ಕಳೆ.

ನನಗೆ ಕೋಪ ಬರಬೇಕಿತ್ತು. ಬರಲಿಲ್ಲ. ಎದ್ದು ಬೂತಿನ ಬಾಗಿಲು ತೆಗೆದೆ.

“ಯಾಕೆ ಹೀಗೆ ಮಾಡಿದ್ರಿ?” ಎಂದು ಹೊರಗೆ ಬಂದ ಮೇಲೆ ಕೇಳಿದೆ.

“ಮೋಸ ಅಲ್ಲ ಕಣ್ ಮೇಡಂ. ಮುಂದಿನ ಸದ್ದು ಇಲ್ಲಿಗೆ ಬರ್ಬೇಕು ಅಂತ ಗೊತ್ತಾಯ್ತಿತ್ತಲ್ಲ, ಅದ್ಕೆ ಒತ್ತುದೆ,” ಎಂದು ತಲೆ ತಗ್ಗಿಸಿದರು.

ಅಂತರ ಬದಲಿಸುತ್ತಾ ಇನ್ನೊಮ್ಮೆ ಪರೀಕ್ಷೆ ಮಾಡಿದೆ. ಎರಡೂ ಕಿವಿಯ ನರ ದುರ್ಬಲವಾಗಿತ್ತು. ಎಪ್ಪತ್ತು ಡೆಸಿಬಲ್‌ಗಿಂತ ಸಣ್ಣ ಸದ್ದು ಅವರನ್ನು ತಲುಪುತ್ತಿರಲಿಲ್ಲ. ಅಂದರೆ ಮಾಮೂಲಿ ಮಾತುಕತೆ ಗೋಡೆಯಾಚೆಯ ಗೊಣಗಾಟದ ಹಾಗೆ. ಬ್ಯಾಂಡಿನ ನಡುವೆ ನಿಂತ ಅಷ್ಟು ವರ್ಷಗಳ ಫಲ ಅದು. ನರದ ದೋಷ ಔಷಧಿಗೆ ವಾಸಿಯಾಗುವುದಿಲ್ಲ. ಇನ್ನು ಸದ್ದು ತಡೆಯುವ ಇಯರ್‌ಪ್ಲಗ್ ಹಾಕಿಕೊಳ್ಳದೆ ಬ್ಯಾಂಡಿಗೆ ಹೋಗಬೇಡಿ ಎಂದು ಗದರಿಸಿ, ಹಿಯರಿಂಗ್ ಏಡ್ ಹಾಕಿ ಕಳಿಸಿದೆ.

ಎರಡೇ ವಾರಕ್ಕೆ ವಾಪಸ್ಸು ಬಂದರು. ಮಂಗಳಮ್ಮನಿಗೆ ಖುಷಿಯೋ ಖುಷಿ, ಗಂಡ ಕುಕ್ಕರ್ ಇಳಿಸುತ್ತಿದ್ದರಂತೆ. ಸಿದ್ದರಾಜು ಮಾತ್ರ ಮುಖ ಇಳಿಬಿಟ್ಟಿದ್ದರು. “ಮಾತೆಲ್ಲ ಕೇಳ್ತದೆ ಮೇಡಂ. ಕ್ಲಾರ್ನೆಟ್ ಊದುದ್ರೆ ಮಾತ್ರ, ಉದ್ದಕ್ಕೆ ಎಳ್ದ ಸ್ವರಾನ ನುಂಗಾಕ್ಬುಡ್ತದೆ.”

ಅದು ನಿಜ. ಹಿಯರಿಂಗ್ ಏಡ್ ಕೆಲವೊಮ್ಮೆ ತಾನೇ ಕುಯ್ಯೆಂದು ಕೂಗಿಕೊಳ್ಳುತ್ತದೆ. ಆ ಕೂಗನ್ನು ಹುಡುಕಿ ಅಳಿಸಲು ಅದರೊಳಗೇ ಒಂದು ವ್ಯವಸ್ಥೆ ಇದೆ. ಒಂದೇ ಸಮ ಎಳೆದ ಕ್ಲಾರಿನೆಟ್ಟಿನ ಸ್ವರವನ್ನೂ ಅದು ಕೂಗೆಂದೇ ತಿಳಿದು ಅಳಿಸಿಬಿಡುತ್ತದೆ. ಸಂಗೀತಕ್ಕೆ ಬೇರೆ ಸೆಟ್ಟಿಂಗ್ ಮಾಡಬೇಕು, ಅದನ್ನು ನುಡಿಸುವ ಜಾಗದಲ್ಲೇ ಮಾಡಿದರೆ ಒಳ್ಳೆಯದು. ಹಾಗಾಗಿ ಒಂದು ಶನಿವಾರ ಸಂಜೆ ಲ್ಯಾಪ್‌ಟಾಪ್ ಹಿಡಿದು ನಾನೂ ಮೈಸೂರಿನ ಬಸ್ಸು ಹತ್ತಿದೆ.

ಜಾಝ್ ಎಂದರೆ ಏನೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ದುಡ್ಡಿದ್ದವರು ತಲೆ ಆಡಿಸಿಕೊಂಡು ಕೂರುವ ಸಂಗೀತ ಎಂದುಕೊಂಡಿದ್ದೆ. ಬಂಗಲೆಯ ಹಿಂದಿನ ವರಾಂಡದಲ್ಲಿ ಹತ್ತು ಹನ್ನೆರಡು ಮೇಜು, ಅಂಗಳದಲ್ಲಿ ಒಂದು ಹಳೆಯ ಸಂಪಿಗೆ ಮರ. ಮೊದಲು ನಾಲ್ವರೂ ಸೇರಿ ಒಂದು ಮಟ್ಟನ್ನು ನುಡಿಸುತ್ತಾರೆ. ಆಮೇಲೆ ಒಬ್ಬೊಬ್ಬರೇ ಅದನ್ನು ತಮಗೆ ಆ ಹೊತ್ತಿಗೆ ತೋಚಿದ ಹಾಗೆ ಹೇಳುತ್ತಾರೆ, ಉಳಿದವರು ಕೇಳಿಸಿಕೊಂಡು ಉತ್ತರ ಕೊಡುತ್ತಾರೆ. ಜಗಲಿಯ ಮೇಲೆ ಕುಳಿತ ನಾಲ್ಕು ಜನ ಹಳೆಯ ಸ್ನೇಹಿತರ ಮಾತುಕತೆಯ ಹಾಗೆ ಇತ್ತು. ಮೊದಲ ಹಾಡಿನ ಬಳಿಕ ಸೆಟ್ಟಿಂಗ್ ಬದಲಿಸಿ ಕೈಸನ್ನೆ ಮಾಡಿದೆ. ಎರಡನೆಯ ಹಾಡಿನಲ್ಲಿ ಸಿದ್ದರಾಜು ಒಂದು ಸ್ವರ ಹಿಡಿದು ಎಳೆದರು, ಎಳೆಯುತ್ತಲೇ ಇದ್ದರು. ವಿಲ್ಫ್ರೆಡ್ ಅದರ ಕೆಳಗೆ ಬೇರೆ ಬೇರೆ ಸ್ವರಗಳನ್ನು ಇಟ್ಟು ಕಾಡಿಸಿದರು. ಸಿದ್ದರಾಜು ಕ್ಲಾರಿನೆಟ್ ಬಾಯಲ್ಲಿ ಇಟ್ಟುಕೊಂಡೇ ಕಣ್ಣಲ್ಲಿ ನಕ್ಕರು. ನಾನು ಕಣ್ಣೊರೆಸಿಕೊಂಡು, ಪಕ್ಕದ ಮೇಜಿನವರು ನೋಡಿದರೇನೋ ಎಂದು ನೀರು ಕುಡಿದೆ.

ಆಮೇಲೆ ಒಂದೂವರೆ ವರ್ಷ ಚೆನ್ನಾಗಿಯೇ ಹೋಯಿತು. ನಾನೂ ತಿಂಗಳಿಗೊಮ್ಮೆ ಹೋಗಿ ಕೇಳಿ ಬರುತ್ತಿದ್ದೆ. ಆದರೆ ಪರೀಕ್ಷೆಗೆ ಬಂದಾಗಲೆಲ್ಲ ಗ್ರಾಫಿನಲ್ಲಿ ಗುರುತುಗಳು ಕೆಳಗಿಳಿಯುತ್ತಿದ್ದವು, ಅಂದರೆ ಕಿವಿ ಇನ್ನಷ್ಟು ಮಂದವಾಗುತ್ತಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ ಕೇಳಿದ್ದು ಏನೆಂದು ತಿಳಿಯುವುದೇ ಹೋಗುತ್ತಿತ್ತು. ನಾನು ಮನೆ ಎಂದರೆ ಅವರು ಕೊನೆ ಎನ್ನುತ್ತಿದ್ದರು. ಸದ್ದನ್ನು ಎಷ್ಟು ದೊಡ್ಡದು ಮಾಡಿ ಕೊಟ್ಟರೂ ಇಂಥ ಕಿವಿಗೆ ಅದು ಬರೀ ಗದ್ದಲ.

ಒಂದು ದಿನ ಒಬ್ಬರೇ ಬಂದರು. ಬಾಗಿಲು ಹಾಕಿ ಕುಳಿತರು.

“ಮೇಡಂ, ಒಂದ್ ಕೆಲ್ಸ ಆಗ್ಬೇಕು. ಕ್ಲಾರ್ನೆಟ್ ಕಚ್ಚಿರೋ ಹಲ್ಲು ಅದುರ್ತದಲ್ಲ, ನಾನು ಬಾರ್ಸದು ಅದ್ರಿಂದ ನಂಗೆ ತಿಳೀತದೆ. ಬ್ಯಾರೆಯೋರು ಬಾರ್ಸದು ಈಗ ಗೊತ್ತಾಯ್ತಿಲ್ಲ. ಆದ್ರೂ ಒಂದ್ಸಲಾನೂ ತಪ್ತಿಲ್ಲ. ಎಲ್ಲಾ ಸಲೀಸಾಗಿ ಓಯ್ತಾದೆ. ಜಾಝ್ ಅಷ್ಟು ಸಲೀಸಾಗಿ ಓಗ್ಬಾರ್ದು ಕಣ್ ಮೇಡಂ. ನಂಗೆ ಅನ್ಮಾನ. ನೀವು ಎರಡು ಶನಿವಾರ ಬಂದು ಕೇಳಿ. ಅವ್ರು ಬದ್ಲಾಯಿಸ್ತಾವ್ರಾ, ಇಲ್ಲ ಅದ್ನೇ ಬಾರ್ಸ್ತಾವ್ರಾ ಅಂತ ಹೇಳಿ. ಬ್ಯಾರೆ ಯಾರ್ನ ಕೇಳುದ್ರೂ ನನ್ ಮನ್ಸಿಗೆ ನೋವಾಯ್ತದೆ ಅಂತ ಸುಳ್ ಹೇಳ್ತಾರೆ.”

ಎರಡು ಶನಿವಾರ ಹೋದೆ, ಎರಡು ಸಲವೂ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಕ್ಲಿನಿಕ್ಕಿನಲ್ಲಿ ಒಂದಾದ ಮೇಲೆ ಒಂದು ಕೇಳಿದೆ. ಪಿಯಾನೋ ಉತ್ತರ ಕೊಟ್ಟ ಜಾಗ, ಡ್ರಮ್ಮು ತಡೆದ ಜಾಗ, ಬೇಸ್ ಒಬ್ಬಂಟಿಯಾದ ಜಾಗ, ಒಂದೂ ಆಚೀಚೆ ಆಗಿರಲಿಲ್ಲ. ಆ ಮೂವರೂ ಗಿಣಿಪಾಠದ ಹಾಗೆ ನುಡಿಸುತ್ತಿದ್ದರು. ತಿಂಗಳಿಗೊಮ್ಮೆ ಕೇಳಿ ಬರುತ್ತಿದ್ದ ನನಗೆ ಅದು ತಿಳಿದೇ ಇರಲಿಲ್ಲ.

ವಿಲ್ಫ್ರೆಡ್‌ಗೆ ಫೋನು ಮಾಡಿದೆ. ಎರಡು ರೆಕಾರ್ಡಿಂಗಿನ ವಿಷಯ ಹೇಳಿದೆ.

“ಹೋದ ವರ್ಷ ಒಂದು ಸಲ ನಾನೊಂದು ದಾರಿ ಹಿಡಿದೆ, ಸಿದ್ದು ಇನ್ನೊಂದು ಕಡೆ ಹೋಗಿಬಿಟ್ಟರು. ಜನ ನಕ್ಕರು ಮೇಡಂ. ಆವತ್ತು ಅವರ ಮುಖ ನನ್ನ ಕೈಲಿ ನೋಡೋಕಾಗಲಿಲ್ಲ. ಆವತ್ತಿಂದ ನಾವು ಬದಲಾಯಿಸೋದು ಬಿಟ್ವಿ. ನಮ್ಮದು ಕೇಳಿಸದಿದ್ದರೂ ಅವರು ತಾಳದ ಲೆಕ್ಕ ಹಾಕ್ಕೊಂಡು ಬಂದರೆ ಸರಿಹೋಗಲಿ ಅಂತ. ನಮಗೇನೂ ಕಷ್ಟ ಇಲ್ಲ. ದಯವಿಟ್ಟು ಹೇಳಬೇಡಿ.”

ಆ ದಿನವೆಲ್ಲ ನಾನು ಕ್ಲಿನಿಕ್ಕಿಗೆ ಬಂದವರ ಮೇಲೆ ಸುಮ್ಮಸುಮ್ಮನೆ ಸಿಡುಕಿದೆ. ಹೇಳಿದರೆ ಒಬ್ಬ ಮನುಷ್ಯನ ಶನಿವಾರ ಹೋಗುತ್ತದೆ. ಹೇಳದಿದ್ದರೆ ಮೂವರು ಸ್ನೇಹಿತರು ತಮ್ಮ ಕೈ ತಾವೇ ಕಟ್ಟಿಕೊಂಡು ಕೂರುತ್ತಾರೆ, ಅನುಮಾನ ಈ ಮನುಷ್ಯನನ್ನು ಒಳಗೊಳಗೇ ತಿನ್ನುತ್ತದೆ. ಇಸ್ತ್ರಿ ಮಾಡಿದ ಅಂಗಿಯ ಮಾತು ನೆನಪಾಗುತ್ತಿತ್ತು. ಆದರೆ ಅವರು ನನ್ನನ್ನೇ ಕೇಳಿದ್ದು ನಾನು ಸುಳ್ಳು ಫಲಿತಾಂಶ ಹೇಳುವುದಿಲ್ಲ ಎಂದು. ಅದನ್ನೂ ಕಿತ್ತುಕೊಂಡರೆ ಅವರು ಇನ್ನು ಯಾರನ್ನು ಕೇಳಬೇಕು?

ಸೋಮವಾರ ಬಂದರು. ಅವರ ಕಣ್ಣನ್ನೇ ನೋಡುತ್ತಾ, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದೆ. “ಬದಲಾಯಿಸ್ತಿಲ್ಲ ಸಿದ್ದರಾಜು ಅವರೇ. ಅದನ್ನೇ ನುಡಿಸ್ತಿದ್ದಾರೆ.”

“ಎಷ್ಟು ದಿನದಿಂದ?”

“ಹೋದ ವರ್ಷದಿಂದ.”

ಅವರು ಅಳಲಿಲ್ಲ. ಟವೆಲ್ಲನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. “ನನ್ನೊಬ್ಬುನ್‌ಗೋಸ್ಕರ ಅವ್ರೂ ಬ್ಯಾಂಡ್‌ಸೆಟ್ಟಾಗ್ಬುಟ್ರಲ್ಲ ಮೇಡಂ,” ಎಂದರು. ಆಮೇಲೆ ನನಗೆ ಕೈಮುಗಿದರು. ಅದನ್ನು ನಾನು ತಡೆದುಕೊಳ್ಳಲಾರದೆ ಹೋದೆ.

ಆ ಶನಿವಾರ ಅವರು ಎಂದಿನಂತೆ ಇಸ್ತ್ರಿ ಅಂಗಿ ತೊಟ್ಟು ಬಂಗಲೆಗೆ ಬಂದರು. ಜೊತೆಗೆ ಮಂಗಳಮ್ಮ ಇದ್ದರು, ನಾನೂ ಇದ್ದೆ. ಕೈಯಲ್ಲಿ ಕ್ಲಾರಿನೆಟ್ ಇರಲಿಲ್ಲ. ನೇರ ಪಿಯಾನೋ ಹತ್ತಿರ ಹೋಗಿ, “ಇವತ್ತು ನೀವು ಬಾರ್ಸಿ ಸಾರ್. ಬೇಕಾದಂಗೆ ಬಾರ್ಸಿ. ನಾನು ಕೂತ್ಕೊಂಡು ನೋಡ್ತೀನಿ,” ಎಂದರು. ವಿಲ್ಫ್ರೆಡ್ ನನ್ನತ್ತ ನೋಡಿದರು. ನಾನು ತಲೆ ತಗ್ಗಿಸಲಿಲ್ಲ. ಅವರು ಎದ್ದು ಸಿದ್ದರಾಜುವನ್ನು ತಬ್ಬಿಕೊಂಡರು, ಮತ್ತೆ ಕುಳಿತು ಶುರು ಮಾಡಿದರು.

ನಾವು ಮೂವರೂ ಮುಂದಿನ ಮೇಜಿನಲ್ಲಿದ್ದೆವು. ಮೊದಲಿಗೆ ಅದೇ ಹಳೆಯ ಮಟ್ಟು. ಮೇಜಿನ ಕೆಳಗೆ ಸಿದ್ದರಾಜುವಿನ ಬಲಗಾಲು ತಾಳ ಹಾಕುತ್ತಿತ್ತು. ಸ್ವಲ್ಪ ಹೊತ್ತಿಗೆ ವಿಲ್ಫ್ರೆಡ್ ಹೆದರಿ ಹೆದರಿ ಒಂದು ಹೆಜ್ಜೆ ಆಚೆ ಇಟ್ಟರು. ಡ್ರಮ್ಮಿನವರು ಕತ್ತೆತ್ತಿ ನೋಡಿ ಹಿಂದೆಯೇ ಹೋದರು. ಆಮೇಲೆ ಮೂವರೂ ಹೊರಟೇಬಿಟ್ಟರು. ಎಷ್ಟೋ ದಿನ ಕಟ್ಟಿಹಾಕಿದ ಕರುಗಳನ್ನು ಬಯಲಿಗೆ ಬಿಟ್ಟ ಹಾಗೆ. ವಿಲ್ಫ್ರೆಡ್ ಅಳುತ್ತಲೇ ನುಡಿಸುತ್ತಿದ್ದರು.

ಮೇಜಿನ ಕೆಳಗೆ ನೋಡಿದೆ. ಕಾಲು ಒಮ್ಮೆ ತಟ್ಟಿ ತಡವರಿಸಿತು, ಇನ್ನೊಮ್ಮೆ ತಟ್ಟಿ ನಿಂತಿತು.

“ಬದ್ಲಾಯ್ಸುದ್ರಲ್ವಾ?” ಎಂದು ಸಿದ್ದರಾಜು ನನ್ನನ್ನು ಕೇಳಿದರು.

ಹೌದೆಂದು ತಲೆಯಾಡಿಸಿದೆ. ಅವರು ನಕ್ಕು, ಹೆಂಡತಿಯ ಕೈಯನ್ನು ತಮ್ಮ ಕೈಯೊಳಗೆ ಇಟ್ಟುಕೊಂಡು, ಮುಗಿಯುವವರೆಗೂ ಪಿಯಾನೋ ಮೇಲಿನ ಬೆರಳುಗಳನ್ನು ನೋಡುತ್ತಾ ಕುಳಿತರು. ಕೊನೆಗೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಅವರೇ.

ಅವರು ಮತ್ತೆ ಎಲ್ಲಿಯೂ ನುಡಿಸಲಿಲ್ಲ, ಮದುವೆಗಳಲ್ಲಿಯೂ ಇಲ್ಲ. ಶನಿವಾರ ಸಂಜೆ ಗದ್ದೆಯ ಕಡೆ ಹೋಗಿ ಕೂರುತ್ತಾರೆ ಎಂದು ಮಂಗಳಮ್ಮ ಹೇಳುತ್ತಾರೆ. ಮೈಸೂರಿನಲ್ಲಿ ಒಳ್ಳೆಯ ಜಾಝ್ ಎಲ್ಲಿ ಕೇಳಬಹುದು ಎಂದು ನನ್ನ ಪರಿಚಯದವರು ಕೆಲವೊಮ್ಮೆ ಕೇಳುತ್ತಾರೆ. ಬಂಗಲೆಯ ದಾರಿ ಹೇಳಿ, ಪಿಯಾನೋ ಹತ್ತಿರದ ಮೇಜು ಹಿಡಿಯಿರಿ ಎನ್ನುತ್ತೇನೆ. ಅಲ್ಲಿ ಈಗಲೂ ಮೂವರೇ ನುಡಿಸುತ್ತಾರಂತೆ, ನಾಲ್ಕನೆಯ ಕುರ್ಚಿ ಹಾಗೆಯೇ ಇದೆಯಂತೆ. ನಾನು ಹೋಗುವುದಿಲ್ಲ.

ಫಲಿತಾಂಶ ನಿಜವಾಗಿರಬೇಕು ಎಂದು ನನಗೆ ಓದಿಸಿದವರು ಕಲಿಸಿದ್ದರು. ನಿಜ ಹೇಳಿದವರಿಗೂ ಅದರಲ್ಲಿ ಪಾಲು ಬರುತ್ತದೆ, ಅದನ್ನು ಹೊತ್ತುಕೊಂಡು ಮಾರನೆಯ ದಿನ ಕ್ಲಿನಿಕ್ಕಿನ ಬಾಗಿಲು ತೆಗೆಯಬೇಕು ಎಂಬುದನ್ನು ಸಿದ್ದರಾಜು ಕಲಿಸಿದರು. ಈಗಲೂ ಕೇಳಿದರೆ ಅದನ್ನೇ ಹೇಳುತ್ತೇನೆ. ಈಗಲೂ ಅಳು ಬರುತ್ತದೆ.

ಆರು ತಿಂಗಳಿಗೊಮ್ಮೆ ಅವರು ತಪ್ಪದೆ ಪರೀಕ್ಷೆಗೆ ಬರುತ್ತಾರೆ. ಬೂತಿನಲ್ಲಿ ಕುಳಿತು, ಗುಂಡಿಯನ್ನು ತೊಡೆಯ ಮೇಲಿಟ್ಟುಕೊಂಡು, ಪ್ರಾಮಾಣಿಕವಾಗಿ ಕಾಯುತ್ತಾರೆ. ಕೇಳಿಸಿದರೆ ಒತ್ತುತ್ತಾರೆ, ಇಲ್ಲದಿದ್ದರೆ ಇಲ್ಲ. ಬಹಳಷ್ಟು ಸಲ ಇಲ್ಲ. ಪರೀಕ್ಷೆ ಮುಗಿದ ಮೇಲೂ ನಾನು ಸ್ವಲ್ಪ ಹೊತ್ತು ಏನನ್ನೂ ಕಳಿಸದೆ, ಗಾಜಿನ ಈಚೆಯಿಂದ ಅವರ ಬಲಗಾಲನ್ನು ನೋಡುತ್ತಾ ಕೂರುತ್ತೇನೆ. ಒಂದೇ ಒಂದು ಸಲ ಸುಳ್ಳು ಒತ್ತಲಿ ಎಂದು.