ದಿಬ್ಬದಣ್ಣನ ಹೆದರಿಕೆ

ದಿಬ್ಬದಣ್ಣ ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆ ಒಳಗಿನಿಂದಲೇ ಗಟ್ಟಿಯಾಗಿ ಕೆಮ್ಮುತ್ತಾನೆ. ಹೊರಗಿರುವುದು ಏನೇ ಆಗಿರಲಿ, ಮರ್ಯಾದೆಯಾಗಿ ಸರಿದು ಹೋಗಲಿ ಎಂದು. ಬೆಟ್ಟದ ಮೇಲಿನ ಬಯಲಿನಲ್ಲಿ ಉದ್ದಕ್ಕೆ ಮಲಗಿರುವ ಮಣ್ಣಿನ ದಿಬ್ಬಕ್ಕೆ ಅವನು ಸರ್ಕಾರಿ ಕಾವಲುಗಾರ. ಕಬ್ಬಿಣವನ್ನೇ ಕಾಣದ ಕಾಲದ ಜನ ತಮ್ಮ ಗಡಿಗೆಂದು ಎತ್ತಿದ ದಿಬ್ಬ ಅದು. ಅವನಂಥ ಪುಕ್ಕಲನನ್ನು ನಾನು ಬೇರೆ ಕಂಡಿಲ್ಲ. ಮಂಜು ಇಳಿದರೆ ಕುರಿಯನ್ನೂ ‘ಯಾರದು?’ ಎಂದು ಕೇಳಿ, ಅದು ಉತ್ತರ ಕೊಡುವವರೆಗೆ ಕದಲುವುದಿಲ್ಲ. ನೋಡಲು ಬಂದವರು ದಿಬ್ಬ ಹತ್ತಿದರೆ, ‘ಇಳೀರಿ ಸ್ವಾಮಿ. ಅವರು ಯಾವುದಕ್ಕೆ ಹೆದರಿ ಇದನ್ನ ಕಟ್ಟಿದ್ರೋ, ಅದು ಹೊರಟುಹೋಯ್ತು ಅಂತ ನಿಮಗ್ಯಾರು ಹೇಳಿದ್ರು?’ ಎನ್ನುತ್ತಾನೆ. ಮೊಲ ತೋಡಿದ ಬಿಲವನ್ನೂ ಬಿಡದೆ ಹುಲ್ಲುಹೆಂಟೆ ತುಂಬಿ ಮೆಟ್ಟುತ್ತಾನೆ. ನಾವೆಲ್ಲ ನಗುತ್ತೇವೆ. ಆದರೆ ಅವನ ಹೆಂಡತಿಗೆ ಮರೆವು ಹತ್ತಿ ಈಗ ಗಂಡನ ಗುರುತೂ ಸಿಗುವುದಿಲ್ಲ. ಕಣ್ಣು ತಪ್ಪಿಸಿ ಮಂಜಿನೊಳಗೆ ನಡೆದುಬಿಡುತ್ತಾಳೆ. ದಿಬ್ಬದಾಚೆ ಪ್ರಪಾತ. ಚಿಕ್ಕಂದಿನಲ್ಲಿ ಅವಳ ಅಜ್ಜಿ, ‘ಆ ದಿಬ್ಬ ದಾಟಿದ್ರೆ ಹಿಡ್ಕೊಂಡು ಹೋಗ್ತಾರೆ ನೋಡು’ ಎಂದು ಹೆದರಿಸಿದ್ದಳಂತೆ. ಎಲ್ಲ ಮರೆತರೂ ಆ ಭಯವೊಂದನ್ನು ಅವಳು ಮರೆತಿಲ್ಲ, ದೇವರ ದಯೆ; ದಿಬ್ಬದ ಬುಡಕ್ಕೆ ಬಂದು ನಡುಗುತ್ತಾ ನಿಂತುಬಿಡುತ್ತಾಳೆ. ಅದು ಎಲ್ಲಾದರೂ ಸವೆದು ನೆಲಕ್ಕೆ ಸಮವಾದರೆ ಅಲ್ಲಿ ಅವಳನ್ನು ತಡೆಯುವವರಿಲ್ಲ. ಮೊನ್ನೆ ಅವನ ಮೇಲಿನ ಸಾಹೇಬರು ಬಂದು, ‘ಪೇಟೇಲಿ ಮನೆ ಕೊಡಿಸ್ತೀನಿ ಕಣಯ್ಯಾ, ಆಯಮ್ಮನಿಗೂ ಆರಾಮ’ ಎಂದರು. ಬಯಲಿನ ಮೇಲಿಟ್ಟ ಕಣ್ಣು ತೆಗೆಯದೆ ದಿಬ್ಬದಣ್ಣ ಹೇಳಿದ: ‘ಬೇಡ ಸ್ವಾಮಿ. ಪೇಟೇಲಿ ಅವಳು ಹೆದರಿ ನಿಲ್ಲೋವಂಥದ್ದು ಏನೂ ಇಲ್ಲ.’