ಅಕ್ಕನ ಹಂದರದಲ್ಲಿ ಆದ ಲಗ್ನ

ನಮ್ಮ ಹಳಿಯಾಳ ಕಡೆ ಅಕ್ಕನ ಲಗ್ನದ ಹಂದರದಲ್ಲೇ ತಂಗಿಯದನ್ನೂ ಮುಗಿಸಿಬಿಡುವ ರೂಢಿ ಇನ್ನೂ ಅಲ್ಲಲ್ಲಿ ಇದೆ. ಆಮಂತ್ರಣ ಪತ್ರಿಕೆಯಲ್ಲಿ ಅಕ್ಕನ ಹೆಸರು ಮಾತ್ರ. ತಂಗಿ ಬಾಸಿಂಗ ಕಟ್ಟಿಕೊಂಡು ಪಕ್ಕದಲ್ಲಿ ಕೂತಿರುತ್ತಾಳೆ. ತೇರಗಾಂವಿನ ಒಬ್ಬ ಹುಡುಗಿಗೆ ಹಾಗೆ ತಾಳಿ ಬಿದ್ದಾಗ ಹದಿನಾರು. ಒಂದು ವರ್ಷ ತವರಿನಲ್ಲೇ ಇರಲಿ ಎಂದು ಹಿರಿಯರು ಮಾತಾಡಿಕೊಂಡಿದ್ದರು. ಆ ವರ್ಷ ಮುಗಿಯುತ್ತ ಬಂದಿತ್ತು. ಅವಳಿಗೆ ಗಂಡನ ಮನೆ ಬೇಡ, ಅರ್ಧಕ್ಕೆ ಬಿಟ್ಟ ಪಿಯುಸಿ ಬೇಕಾಗಿತ್ತು.

ನಾನು ಪತ್ರಿಕೆಯ ಸ್ಥಳೀಯ ವರದಿಗಾರನೆಂದು ಅವಳು ಹಟ ಹಿಡಿದು ತಂದೆಯನ್ನು ನನ್ನ ಹತ್ತಿರ ಕರೆತಂದಳು. ತಂದೆ ಕಿಸೆಯಿಂದ ಮಡಿಸಿದ ಪತ್ರಿಕೆಯ ತುಣುಕು ತೆಗೆದು ಮುಂದಿಟ್ಟರು. ಬಾಲ್ಯವಿವಾಹದ ಬಗ್ಗೆ ನಾನೇ ಬರೆದದ್ದು. ಹುಡುಗಿ ಕೋರ್ಟಿಗೆ ಹೋಗಿ ರದ್ದು ಮಾಡಿಸುವವರೆಗೆ ಮದುವೆ ಊರ್ಜಿತ ಎಂಬ ಸಾಲಿನ ಕೆಳಗೆ ಪೆನ್ನಿನ ಗೀಟು.

"ನೀವ ಬರದೀರಿ. ಕೋರ್ಟಿಗೆ ಅಡ್ಡಾಡೂದು ನನ್ನ ಕಡಿಂದ ಆಗೂದಿಲ್ರಿ. ಇಕಿ ಗಂಡನ ಮನೀಗೆ ಹೋಗ್ಲೇಬೇಕು," ಎಂದರು.

ಆ ಸಾಲನ್ನು ನಾನು ವರ್ಷಗಟ್ಟಲೆ ಹಳೆಯ ವರದಿಯಿಂದ ಎತ್ತಿ ಹೊಸದರ ಕೊನೆಗೆ ಹಾಕುತ್ತಿದ್ದೆ. ಮತ್ತೆ ಪರಿಶೀಲಿಸಿರಲಿಲ್ಲ. ಇಬ್ಬರನ್ನೂ ಪರಿಚಯದ ವಕೀಲೆಯ ಬಳಿ ಕರೆದೊಯ್ದೆ. ಅವರು ರಾಜ್ಯದ ತಿದ್ದುಪಡಿ ತೆಗೆದು ಓದಿದರು. ನಾನು ಬರೆದದ್ದು ಕೇಂದ್ರದ ಕಾಯ್ದೆಯ ಮಾತು. ಕರ್ನಾಟಕದಲ್ಲಿ ತಿದ್ದುಪಡಿ ಜಾರಿಯಾದ ನಂತರ ನಡೆದ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಲಗ್ನ ಮಾಡಿಸಿದ ಹಿರಿಯರ ಮೇಲೆ ಕೇಸು ಆಗಬಹುದು, ಅದು ಬೇರೆ ಮಾತು ಎಂದೂ ಹೇಳಿದರು. ತಂದೆ ತಲೆ ತಗ್ಗಿಸಿ ಕೇಳಿಸಿಕೊಂಡರು.

"ಅಂದ್ರ ನನ್ನ ಲಗ್ನ ಮುರೀತೇನ್ರಿ ಅಕ್ಕಾರ?" ಹುಡುಗಿ ಕೇಳಿದಳು.

"ಮುರಿಯಾಕ ಮೊದ್ಲ ಆಗಿರಬೇಕಲ್ಲವಾ. ಕಾಯ್ದೆ ಪ್ರಕಾರ ಅದು ಆಗೇ ಇಲ್ಲ," ಎಂದರು ವಕೀಲೆ.

ಅವಳು ತಂದೆಯ ಕಡೆ ತಿರುಗಿದಳು. "ಹಂಗಾರ ಅಕ್ಕನ ಲಗ್ನದಾಗ ನಾ ಬರೇ ಉಂಡು ಬಂದೇನಿ, ಹೌದಿಲ್ಲಪಾ?"

"ಎಲ್ಲಿ ಉಂಡಿ? ಅವತ್ತ ಅಳಕೋತ ಕುಂತಿದ್ದಿ," ಎಂದರು ತಂದೆ. ಇಷ್ಟು ದಿನ ಅದನ್ನು ಅವರು ಬಾಯಿಬಿಟ್ಟು ಹೇಳಿರಲಿಲ್ಲ ಎಂಬುದು ಅವಳು ಅವರನ್ನು ನೋಡಿದ ರೀತಿಯಲ್ಲೇ ಗೊತ್ತಾಯಿತು. ತಂದೆ ಅಲ್ಲಿಂದಲೇ ಅವಳ ಬೀಗರಿಗೆ ಫೋನ್ ಹಚ್ಚಿ, ಮಗಳನ್ನು ಕರೆಯಲು ಬರಬೇಡಿ ಎಂದರು.

ಮುಂದಿನ ವಾರ ನನ್ನ ತಪ್ಪನ್ನು ಸರಿಪಡಿಸಿದ ನಾಲ್ಕು ಸಾಲು ಒಳಪುಟದಲ್ಲಿ ಬಂದವು. ಬೀಗರು ಜಗಳಕ್ಕೆ ಬಂದಾಗ ತಂದೆ ಆ ನಾಲ್ಕು ಸಾಲಿನ ತುಣುಕನ್ನೇ ಅವರ ಮುಂದಿಟ್ಟರಂತೆ. ಬೀಗರು ಚಹಾ ಮುಟ್ಟದೆ ಎದ್ದುಹೋದರು. ಹುಡುಗಿ ಈಗ ಬೆಳಗಿನ ಬಸ್ಸಿಗೆ ಹಳಿಯಾಳದ ಕಾಲೇಜಿಗೆ ಬರುತ್ತಾಳೆ.