ಎಮರಾಲ್ಡ್ ನೋಡಲು ನಿಪ್ಪಾಣಿಗೆ

ಹೋದ ವಾರ ಕಾಕಾ ಬಂದು ಒಂದು ಹಳೆಯ ಡಿಕ್ಷನರಿ ಕೊಟ್ಟು ಹೋದರು. ಕ್ಯಾಲೆಂಡರ್ ಹಾಳೆಯ ಹೊದಿಕೆ, ದಪ್ಪ ದಾರದಿಂದ ಹೊಲಿದ ಬೆನ್ನು. ತೆರೆದ ಕೂಡಲೇ ತಂಬಾಕಿನ ಘಾಟು ಮೂಗಿಗೆ ಬಡಿಯಿತು. ಹುಳ ಹತ್ತಬಾರದೆಂದು ಪುಟಗಳ ನಡುವೆ ಒಣಗಿದ ತಂಬಾಕಿನ ಎಲೆ ಇಡುವುದು ಕಾಕುವಿನ ರೂಢಿ. ಆ ಘಾಟಿನ ಹಿಂದೆಯೇ ಕಾಕು ಕಣ್ಣ ಮುಂದೆ ಬಂದರು... ತೊಡೆಯ ಮೇಲೆ ಬೀಡಿಯ ಮೊರ, ಅದರ ಅಂಚಿಗೆ ಒರಗಿಸಿಟ್ಟ ಪುಸ್ತಕ.

ಕಾಕು ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಆದರೆ ಕಾಕಾರ ಹೆಂಡತಿಯಾದ ಈ ಕಾಕು ನಮಗೆ ರಕ್ತಸಂಬಂಧಿಯಲ್ಲ. ಅಕ್ಕೋಳದಲ್ಲಿ ನಮ್ಮ ಮನೆಯ ಪಕ್ಕದ ಮನೆಯವರು. ಗಡಿಯಾಚೆಯ ಹಳ್ಳಿಯಲ್ಲಿ ಮರಾಠಿ ಶಾಲೆಗೆ ಹೋಗಿ, ಒಂಬತ್ತನೇ ಇಯತ್ತೆ ಮುಗಿಯುವಷ್ಟರಲ್ಲಿ ಮದುವೆಯಾಗಿ ನಮ್ಮೂರಿಗೆ ಬಂದವರು. ಮುಂಜಾನೆ ಅಂಗನವಾಡಿಯಲ್ಲಿ ಸಹಾಯಕಿಯ ಕೆಲಸ, ಮಧ್ಯಾಹ್ನ ಮನೆಯಲ್ಲಿ ಬೀಡಿ ಕಟ್ಟುವುದು. ಹತ್ತನೇ ಪಾಸಾದರೆ ತಾವೂ ಅಂಗನವಾಡಿ ಟೀಚರ್ ಆಗಬಹುದೆಂದು ತಿಳಿದ ಮೇಲೆ, ನಲವತ್ತು ದಾಟಿದ ವಯಸ್ಸಿನಲ್ಲಿ ಖಾಸಗಿಯಾಗಿ ಪರೀಕ್ಷೆ ಕಟ್ಟಿದರು. ನಾನು ಇಂಗ್ಲಿಷಿನಲ್ಲಿ ನಪಾಸಾಗಿ ಮನೆಯಲ್ಲಿ ಕೂತಿದ್ದ ವರ್ಷವೇ ಅದು. ಸಂಜೆ ಇಬ್ಬರೂ ಕೂಡಿ ಊರೊಳಗಿನ ಒಬ್ಬ ಮಾಸ್ತರರ ಟ್ಯೂಶನ್ನಿಗೆ ಹೋಗತೊಡಗಿದೆವು. ಹುಡುಗ ಹುಡುಗಿಯರ ಹಿಂದೆ, ಗೋಡೆಗೆ ಬೆನ್ನು ಹಚ್ಚಿ, ಸೆರಗು ಸರಿಪಡಿಸಿಕೊಂಡು ಕಾಕು ಕೂರುತ್ತಿದ್ದರು.

ಒಂದು ದಿನ ಮಾಸ್ತರರು ಹತ್ತು ಶಬ್ದ ಕೊಟ್ಟು, ಸ್ವಂತ ವಾಕ್ಯದಲ್ಲಿ ಬಳಸಿ ಬರೆದುಕೊಂಡು ಬರಲು ಹೇಳಿದರು. ಅದರಲ್ಲೊಂದು ಎಮರಾಲ್ಡ್. ನನಗೆ ಗೊತ್ತಿರಲಿಲ್ಲ. ಕಾಕು ತಮ್ಮ ಇಂಗ್ಲಿಷ್–ಮರಾಠಿ ಡಿಕ್ಷನರಿ ತೆಗೆದು ನೋಡಿ, "ಪಾಚು" ಎಂದರು. ನಾನು ಪಾಚಿ ಎಂದುಕೊಂಡೆ. ನಮ್ಮ ಹಿತ್ತಲ ಬಾವಿ ಕಣ್ಣ ಮುಂದೆಯೇ ಇತ್ತು. ಬಾವಿ ತುಂಬ ಎಮರಾಲ್ಡ್ ಇದೆ, ಅಪ್ಪ ಅದನ್ನು ವರ್ಷಕ್ಕೊಮ್ಮೆ ತೆಗೆಸಿ ತಿಪ್ಪೆಗೆ ಹಾಕಿಸುತ್ತಾನೆ ಎಂದು ಇಂಗ್ಲಿಷಿನಲ್ಲಿ ಬರೆದುಕೊಂಡು ಹೋದೆ.

ಮಾಸ್ತರರು ಅದನ್ನು ಎಲ್ಲರ ಮುಂದೆ ಓದಿದರು. "ಇದು ಹರಳು ಬೇ, ಉಂಗುರಕ್ಕ ಹಾಕೂ ಹರಳು. ಬಾವಿ ತುಂಬ ಇತ್ತಂದ್ರ ನಿಮ್ಮಪ್ಪ ಮಿಲ್ಲಿನ್ಯಾಗ ವಾಚ್‌ಮನ್ ಕೆಲಸ ಯಾಕ ಮಾಡ್ತಿದ್ದ?" ಎಂದರು. ಎಲ್ಲರೂ ನಕ್ಕರು. ನನಗೆ ನಗುವಿಗಿಂತ ಅಪ್ಪನ ಬಗ್ಗೆ ಆಡಿದ ಮಾತು ತಾಗಿತ್ತು. ದಾರಿಯುದ್ದಕ್ಕೂ ಅಳುತ್ತ ಬಂದು, ಪರೀಕ್ಷೆ ಬರೆಯುವುದೇ ಇಲ್ಲವೆಂದು ಕಾಕುವಿಗೆ ಹೇಳಿಬಿಟ್ಟೆ. ನೀವೇ ಪಾಚು ಎಂದು ಹೇಳಿದ್ದು ಎಂದು ಸಿಟ್ಟೂ ಮಾಡಿದೆ.

ಕಾಕು ನಗಲಿಲ್ಲ. ಸೆರಗಿನಿಂದ ನನ್ನ ಮುಖ ಒರೆಸಿ, ಎಂದಿನಂತೆ ಮರಾಠಿಯಲ್ಲಿ 'ಮಗು' ಎಂದು ಕರೆದು, "ತಪ್ಪು ನಂದೂ ಐತಿ ಬಾಳಾ. ಶಬ್ದ ಗೊತ್ತಿತ್ತು, ವಸ್ತು ನಾನೂ ನೋಡಿಲ್ಲ. ನಾಳೆ ನಿಪ್ಪಾಣಿಗೆ ಹೋಗೂಣು" ಎಂದರು.

ಮರುದಿನ ಅವರು ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದರು. ಬಸ್ಸಿಳಿದು ನೇರ ಸರಾಫರ ದೊಡ್ಡ ಅಂಗಡಿಯೊಂದಕ್ಕೆ ನಡೆದರು. ನನ್ನ ಕಾಲು ಹೊಸ್ತಿಲಲ್ಲೇ ನಿಂತಿತು. ಕಾಕು ನನ್ನ ಕೈ ಹಿಡಿದು ಒಳಗೆ ಕರೆದೊಯ್ದು ಗಾದಿಯ ಮೇಲೆ ಕೂರಿಸಿದರು. ಏನು ತೋರಿಸಲಿ ಎಂದು ಅಂಗಡಿಯವನು ಕೇಳಿದ.

"ಕೊಳ್ಳಾಕ ಬಂದಿಲ್ರಿ. ಪಾಚು ಹೆಂಗಿರತೈತಿ ಅಂತ ನೋಡಾಕ ಬಂದೀವಿ. ನಮ್ದು ಹತ್ತನೇತ್ತ ಪರೀಕ್ಷಾ ಐತಿ."

'ನಮ್ದು' ಎಂದದ್ದು ಕೇಳಿ ಆತ ನನ್ನನ್ನೂ ಅವರನ್ನೂ ನೋಡಿದ. ಒಳಗೆ ಕೂತಿದ್ದ ಮುದಿ ಮಾಲೀಕರೂ ತಲೆಯೆತ್ತಿ ನೋಡಿದರು. ಎಬ್ಬಿಸಿ ಕಳಿಸುತ್ತಾರೆ ಎಂದು ನಾನು ಕುಗ್ಗಿ ಕೂತಿದ್ದೆ. ಅವರು ತಾವೇ ಎದ್ದು ತಿಜೋರಿಯಿಂದ ಒಂದು ಕಾಗದದ ಪೊಟ್ಟಣ ತಂದು ನಮ್ಮ ಮುಂದೆ ಬಿಚ್ಚಿದರು. ಹೆಸರುಕಾಳಿಗಿಂತ ತುಸು ದೊಡ್ಡದಾದ ಹರಳು. ಬಾವಿಯ ಬಣ್ಣವಲ್ಲ ಅದು. ಬಿಸಿಲಿಗೆ ಹಿಡಿದ ಎಳೆಯ ಎಲೆಯ ಹಾಗೆ ಒಳಗಿನಿಂದ ಬೆಳಗುವ ಹಸಿರು.

ಮಾಲೀಕರು ಭೂತಗನ್ನಡಿ ಕೊಟ್ಟು ನೋಡಲು ಹೇಳಿದರು. "ಒಳಗ ಸಣ್ಣ ಸಣ್ಣ ಗೆರಿ ಕಾಣಸ್ತಾವಲ್ರಿ? ಅಗದೀ ಸ್ವಚ್ಛ ಇತ್ತಂದ್ರ ಗಾಜು ಇರಬಹುದು ಅಂತ ನಾವು ಮೊದಲ ಸಂಶಾ ಪಡತೀವಿ."

ಕಾಕು ಬಹಳ ಹೊತ್ತು ನೋಡಿದರು. ಬೀಡಿ ಎಲೆ ಕತ್ತರಿಸಿ ಕಪ್ಪಾದ ಆ ಬೆರಳುಗಳಲ್ಲಿ ಭೂತಗನ್ನಡಿ ಹಿಡಿದು ಹರಳಿನ ಸುತ್ತ ಸರಿಸಿದರು. ಆಮೇಲೆ, ಇಂಗ್ಲಿಷಿನಲ್ಲಿ ಒಂದು ಹರಳಿಗೆ 'ಎ' ಹಚ್ಚುತ್ತಾರೋ 'ಆ್ಯನ್' ಹಚ್ಚುತ್ತಾರೋ ಎಂದು ಕೇಳಿದರು. ಮಾಲೀಕರು ನಕ್ಕು, "ಅದು ನಿಮಗ ಗೊತ್ತಿರಬೇಕ್ರಿ ಬಾಯಿ. ನಾವು ಪಾಚು ಅಂತನ ಮಾರ್ತೀವಿ" ಎಂದರು. ಚಹಾ ತರಿಸಿ ಕುಡಿಸಿಯೇ ಕಳಿಸಿದರು.

ಬಸ್ಸಿನಲ್ಲಿ ಇಬ್ಬರೂ ಸ್ವರಗಳನ್ನು ಎಣಿಸಿ 'ಆ್ಯನ್' ಎಂದು ತೀರ್ಮಾನಿಸಿದೆವು.

ಆ ಸಂಜೆ ಟ್ಯೂಶನ್ನಿನಲ್ಲಿ ಕಾಕು ಎದ್ದು ನಿಂತರು. ಅಷ್ಟು ದಿನಗಳಲ್ಲಿ ಅವರು ತಾವಾಗಿ ಎದ್ದು ನಿಂತದ್ದು ಅದೇ ಮೊದಲು. "ಐ ಸಾ ಆ್ಯನ್ ಎಮರಾಲ್ಡ್ ಇನ್ ನಿಪ್ಪಾಣಿ" ಎಂದು ಒಂದೊಂದೇ ಶಬ್ದ ಬಿಡಿಸಿ ಹೇಳಿದರು. ಬಳಿಕ ಕನ್ನಡದಲ್ಲಿ, "ಈ ಪೋರಿಗೆ ಅರ್ಥ ತಪ್ಪಿ ಹೇಳಿದಾಕಿ ನಾನ್ರಿ ಸರ. ಅದಕ್ಕ ಕರಕೊಂಡು ಹೋಗಿ ತೋರಿಸಿಕೊಂಡು ಬಂದೀನಿ. ಅಕಿ ಅಪ್ಪಂದೇನು ತಪ್ಪಿಲ್ಲ" ಎಂದರು.

ಯಾರೂ ನಗಲಿಲ್ಲ. ಮಾಸ್ತರರು ಸೀಮೆಸುಣ್ಣ ಕೆಳಗಿಟ್ಟು, "ಖರೇ ಹೇಳ್ಬೇಕಂದ್ರ ನಾನೂ ಎಮರಾಲ್ಡ್ ನೋಡಿಲ್ರಿ. ಹೆಂಗ ಇರತೈತಿ, ನೀವ ಹೇಳ್ರಿ" ಎಂದರು. ಕಾಕು ಆ ಗೆರೆಗಳ ಸಂಗತಿಯನ್ನೆಲ್ಲ ಹೇಳಿದರು. ಮಾಸ್ತರರು ಆ ಶಬ್ದವನ್ನು ಬಣ್ಣಕ್ಕೂ ಬಳಸುತ್ತಾರೆಂದು ಹೇಳಿ, ಬೋರ್ಡಿನ ಮೇಲೆ 'ಎಮರಾಲ್ಡ್ ಗ್ರೀನ್' ಎಂದು ಬರೆದರು. ನಾನು ಕಾಕುವಿನ ಪಕ್ಕಕ್ಕೆ ಹೋಗಿ ಕೂತೆ. ಮುಂದೆಯೂ ಅಲ್ಲೇ ಕೂತೆ.

ಆ ಶಬ್ದ ಪರೀಕ್ಷೆಯಲ್ಲಿ ಬರಲೇ ಇಲ್ಲ. ಇಬ್ಬರೂ ಪಾಸಾದೆವು. ಇಂಗ್ಲಿಷಿನಲ್ಲಿ ಕಾಕುವಿಗೆ ನನಗಿಂತ ಆರು ಅಂಕ ಹೆಚ್ಚು. ಅದನ್ನು ಓಣಿಗೆಲ್ಲ ಹೇಳಿಕೊಂಡು ಬಂದವಳು ನಾನೇ. ಮುಂದೆ ಅವರು ನಮ್ಮೂರಲ್ಲೇ ಅಂಗನವಾಡಿ ಟೀಚರ್ ಆದರು. ನಾನು ಓದಿ ಚಿಕ್ಕೋಡಿಯ ಬ್ಯಾಂಕಿಗೆ ಸೇರಿದೆ. ಊರಿಗೆ ಹೋದಾಗಲೆಲ್ಲ ಅವರ ಮನೆಯ ಕಟ್ಟೆಯ ಮೇಲೆ ಕೂತು ಬರುತ್ತಿದ್ದೆ... ಎರಡು ತಿಂಗಳ ಹಿಂದಿನವರೆಗೆ.

ಕಾಕು ತೀರಿಕೊಂಡ ಮರುದಿನ ಕಾಕಾ ಫೋನ್ ಮಾಡಿದ್ದರು. "ಶ್ರದ್ಧಾಂಜಲಿ ಫ್ಲೆಕ್ಸಿನ್ಯಾಗ ಅಕಿ ಹೆಸರಿನ ಮುಂದ ಎಸ್ಸೆಸ್ಸೆಲ್ಸಿ ಅಂತ ಹಾಕು ಅಂದೆ. ಡಿಗ್ರಿ ಇದ್ದವರಿಗಷ್ಟ ಹಾಕ್ತೀವಿ ಅಂತ ಅಂಗಡಿಯಂವ ನಗಾಕತ್ತಾನ. ನೀ ಒಂದ ಮಾತು ಹೇಳ ಬಾಳಾ" ಎಂದರು. ಆ ಅಂಗಡಿಯವನಿಗೆ ಏನು ಹೇಳಿದೆನೋ ಪೂರ್ತಿ ನೆನಪಿಲ್ಲ. ಬ್ಯಾಂಕಿನಲ್ಲಿ ಎಲ್ಲರೂ ತಿರುಗಿ ನೋಡುವಷ್ಟು ಜೋರಾಗಿ ಹೇಳಿದ್ದು ನೆನಪಿದೆ.

ನಿನ್ನೆ ಅಕ್ಕೋಳಕ್ಕೆ ಹೋಗಿದ್ದೆ. ಅಂಗನವಾಡಿಯ ಕಂಪೌಂಡಿಗೆ ಕಟ್ಟಿದ ಫ್ಲೆಕ್ಸ್ ಬಿಸಿಲಿಗೆ ಮಾಸಿದೆ. ಹೆಸರೂ ಅದರ ಮುಂದಿನ ಅಕ್ಷರಗಳೂ ಇನ್ನೂ ಸ್ಪಷ್ಟವಾಗಿ ಓದಲು ಬರುತ್ತವೆ. ಒಳಗೆ ಮಕ್ಕಳು ಹೊಸ ಟೀಚರ್ ಹೇಳಿಕೊಟ್ಟಂತೆ ಎ ಬಿ ಸಿ ಹೇಳುತ್ತಿದ್ದರು. ಹೇಳಿಕೊಡುವ ದನಿ ಕಾಕುವಿನದಲ್ಲ... ಮಕ್ಕಳು ಮುಗಿಸುವವರೆಗೂ ಹೊರಗೆ ನಿಂತು ಕೇಳಿ ಬಂದೆ.